ಕಲ್ಮಿ ಶೋರಾ: ಗುಣ ತಿಳಿಯದೆ ಬಾಯಿಗೆ ಹಾಕಬೇಡಿ

ಬೇಸಿಗೆ ಬಂತೆಂದರೆ ಔರಾದ, ಭಾಲ್ಕಿ ಕಡೆಯ ಮನೆಗಳಲ್ಲಿ ಉರಿಮೂತ್ರದ ದೂರು ಶುರುವಾಗುತ್ತದೆ. ‘ಅತ್ತಾರ ಅಂಗಡಿಯಿಂದ ಒಂದಿಷ್ಟು ಕಲ್ಮಿ ಶೋರಾ ತಂದು ನೀರಿನಲ್ಲಿ ಕದಡಿ ಕುಡಿ’ ಎಂದು ಮನೆಯ ಹಿರಿಯರು ಹೇಳುವುದುಂಟು. ಯುನಾನಿ ವೈದ್ಯದಲ್ಲಿ ಶೋರಾ ಮೂತ್ರ ಹೆಚ್ಚಿಸುವ ಔಷಧಿ ಎಂಬುದು ನಿಜ. ಆದರೆ ಅದು ಅಡುಗೆಮನೆಯ ಉಪ್ಪಲ್ಲ. ಅದನ್ನು ಬಳಸುವ ಮೊದಲು ಅದರ ಗುಣವನ್ನು ನೀವು ತಿಳಿದಿರಬೇಕು.

ಹೆಸರು ಮತ್ತು ರೂಪ

ಕನ್ನಡದಲ್ಲಿ ಇದು ಪೆಟ್ಲುಪ್ಪು. ರಸಾಯನಶಾಸ್ತ್ರದಲ್ಲಿ ಪೊಟ್ಯಾಶಿಯಂ ನೈಟ್ರೇಟ್. ಪೊಟ್ಯಾಶಿಯಂ, ಸಾರಜನಕ ಮತ್ತು ಆಮ್ಲಜನಕ ಸೇರಿ ಆದ ಲವಣ. ‘ಕಲಮ್’ ಎಂದರೆ ಲೇಖನಿ. ಶುದ್ಧ ಶೋರಾ ಉದ್ದನೆಯ ಕಡ್ಡಿಗಳಂಥ ಹರಳಾಗಿ ಬರುವುದರಿಂದ ಕಲ್ಮಿ ಎನ್ನುತ್ತಾರೆ. 13ನೇ ಶತಮಾನದ ಔಷಧಿ ಪಂಡಿತ ಇಬ್ನುಲ್ ಬೈತಾರ್ ಇದಕ್ಕೆ ‘ಚೀನಾದ ಹಿಮ’ ಎಂಬ ಹೆಸರಿದ್ದುದನ್ನು ದಾಖಲಿಸಿದ್ದಾರೆ.

ಹರಳು ಬಣ್ಣವಿಲ್ಲದ್ದು ಅಥವಾ ಬಿಳಿ. ಮೆತ್ತಗಿದ್ದು ಸುಲಭವಾಗಿ ಪುಡಿಯಾಗುತ್ತದೆ. ನೀರಿಗಿಂತ ಸುಮಾರು ಎರಡು ಪಟ್ಟು ಭಾರ. ನಾಲಿಗೆಗೆ ಉಪ್ಪು, ಜೊತೆಗೆ ತಂಪು. ಈ ತಂಪು ಬರೀ ಅನಿಸಿಕೆಯಲ್ಲ. ಶೋರಾ ಕರಗುವಾಗ ನೀರಿನ ಶಾಖವನ್ನು ಹೀರಿಕೊಳ್ಳುತ್ತದೆ, ನೀರು ತಣ್ಣಗಾಗುತ್ತದೆ. ಅಕ್ಬರನ ಅರಮನೆಯಲ್ಲಿ ಕುಡಿಯುವ ನೀರಿನ ಪಾತ್ರೆಯನ್ನು ಶೋರಾ ಬೆರೆಸಿದ ನೀರಿನಲ್ಲಿ ಇಟ್ಟು ತಂಪು ಮಾಡುತ್ತಿದ್ದರೆಂದು ‘ಐನೆ ಅಕ್ಬರಿ’ ಹೇಳುತ್ತದೆ.

ಶುದ್ಧಿ ಮಾಡುವ ಬಗೆ

100 ಮಿಲಿ ಲೀಟರ್ ನೀರಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 32 ಗ್ರಾಂ ಶೋರಾ ಕರಗುತ್ತದೆ. ಕುದಿಯುವ ನೀರಿನಲ್ಲಿ 240 ಗ್ರಾಂಗಿಂತ ಹೆಚ್ಚು. ಅಡುಗೆ ಉಪ್ಪು ಹಾಗಲ್ಲ. ತಣ್ಣೀರಾಗಲಿ ಬಿಸಿನೀರಾಗಲಿ, 36ರಿಂದ 39 ಗ್ರಾಂ ಅಷ್ಟೇ. ಆದ್ದರಿಂದ ಮಣ್ಣಿನ ಶೋರಾವನ್ನು ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಆರಲು ಬಿಟ್ಟರೆ ಶೋರಾ ಹರಳುಗಟ್ಟುತ್ತದೆ, ಉಪ್ಪು ನೀರಿನಲ್ಲೇ ಉಳಿಯುತ್ತದೆ. 13ನೇ ಶತಮಾನದಲ್ಲೇ ಸಿರಿಯಾದ ಹಸನ್ ಅಲ್ ರಮ್ಮಾಹ್ ಕಟ್ಟಿಗೆಯ ಬೂದಿ ಬಳಸಿ ಶೋರಾ ಶುದ್ಧಿ ಮಾಡುವ ವಿಧಾನವನ್ನು ಬರೆದಿಟ್ಟಿದ್ದರು.

ಬೆಂಕಿಯ ಜೊತೆ

ಶೋರಾ ತಾನೇ ಉರಿಯುವುದಿಲ್ಲ, ಉರಿಯುವ ವಸ್ತುವಿಗೆ ಆಮ್ಲಜನಕ ಕೊಡುತ್ತದೆ. 334 ಡಿಗ್ರಿಯಲ್ಲಿ ಕರಗಿ, ಇನ್ನೂ ಕಾಯಿಸಿದರೆ ಆಮ್ಲಜನಕ ಬಿಟ್ಟು ನೈಟ್ರೈಟ್ ಆಗುತ್ತದೆ. ಇದ್ದಿಲು, ಗಂಧಕ ಸೇರಿದರೆ ಅದೇ ತೋಪಿನ ಮದ್ದು. ಆ ಮದ್ದಿನ ಮುಕ್ಕಾಲು ಪಾಲು ಶೋರಾ. 1472ರಲ್ಲಿ ಕಟ್ಟಿದ ಬೀದರಿನ ಮಹಮೂದ್ ಗವಾನ್ ಮದ್ರಸಾದ ಒಂದು ಭಾಗ 17ನೇ ಶತಮಾನದ ಕೊನೆಯಲ್ಲಿ ಬಿದ್ದುಹೋದದ್ದು ಮದ್ದಿನ ಸ್ಫೋಟದಿಂದಲೇ. ಆದ್ದರಿಂದ ಒಲೆ, ಇದ್ದಿಲು, ಸಕ್ಕರೆಯ ಹತ್ತಿರ ಇದನ್ನು ಇಡಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ನಮ್ಮ ಬೀದರಿನ ಮಣ್ಣು

ಬೀದರಿ ಕಸುಬಿನವರು ಕೋಟೆಯ ಹಳೆಯ ಭಾಗದ, ಮಳೆ ಬಿಸಿಲು ತಾಗದ ಮಣ್ಣನ್ನು ಹುಡುಕಿ ತರುತ್ತಾರೆ. ಆ ಮಣ್ಣಿನಲ್ಲಿ ಶೋರಾದ ಅಂಶವಿರುತ್ತದೆ ಎನ್ನುತ್ತಾರೆ. ಅದನ್ನು ನವಸಾಗರದ ಜೊತೆ ನೀರಿನಲ್ಲಿ ಕಾಯಿಸಿ ಪಾತ್ರೆಗೆ ಹಚ್ಚಿದರೆ ಸತು, ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿಯ ಕೆತ್ತನೆ ಹೊಳೆಯುತ್ತದೆ.

ಮಣ್ಣಿನಲ್ಲಿ ಶೋರಾ ಹುಟ್ಟುವುದು ಹೇಗೆ? ದನದ ಸಗಣಿ, ಮೂತ್ರ, ಕೊಳೆತ ಕಸದಲ್ಲಿರುವ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಮಾಡುತ್ತವೆ. ಮಳೆ ತಾಗದ ಕಡೆ ಅದು ಮಣ್ಣಿನಲ್ಲೇ ಉಳಿಯುತ್ತದೆ. ಮಳೆ ಬೀಳುವ ಕಡೆ ಕರಗಿ ಕೆಳಗಿಳಿದು ಬಾವಿ, ಬೋರ್‌ವೆಲ್ ಸೇರುತ್ತದೆ. ನಿಮ್ಮ ಮನೆಗೆ ಸಂಬಂಧಿಸಿದ ಮಾತು ಇದೇ.

ಹಸುಗೂಸು ಮತ್ತು ಬಾವಿ ನೀರು

ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರ್‌ನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ದಾಟಿದರೆ ಹೆಚ್ಚು ಅಪಾಯ ಆರು ತಿಂಗಳೊಳಗಿನ ಮಗುವಿಗೆ. ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಮಗುವಿನ ತುಟಿ, ಉಗುರು ನೀಲಿಯಾಗುತ್ತವೆ. ತಾಯಿಯ ಹಾಲು ಕುಡಿಯುವ ಮಗುವಿಗೆ ಈ ಭಯ ಕಡಿಮೆ. ಡಬ್ಬಿ ಹಾಲಿನ ಪುಡಿಯನ್ನು ಇಂಥ ನೀರಿನಲ್ಲಿ ಕಲಸಿ ಕೊಟ್ಟಾಗ ಹೆಚ್ಚು.

ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಪ್ರಯೋಜನವಿಲ್ಲ.

ಔಷಧಿಯಾಗಿ ಯಾರಿಗೆ ಬೇಡ

ಒಂದು ಗ್ರಾಂ ಶೋರಾದಲ್ಲಿ ಸುಮಾರು 387 ಮಿಲಿಗ್ರಾಂ ಪೊಟ್ಯಾಶಿಯಂ ಇದೆ. ಆರೋಗ್ಯವಂತ ಮೂತ್ರಪಿಂಡ ಹೆಚ್ಚಾದ ಪೊಟ್ಯಾಶಿಯಂ ಅನ್ನು ಹೊರಹಾಕುತ್ತದೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಅದು ರಕ್ತದಲ್ಲಿ ಉಳಿದು ಹೃದಯದ ಬಡಿತವನ್ನೇ ಕೆಡಿಸಬಹುದು. ಸಕ್ಕರೆ ಕಾಯಿಲೆ ಇರುವ ಅನೇಕರಿಗೆ ಮೂತ್ರಪಿಂಡ ಸೋತಿರುವುದು ಗೊತ್ತೇ ಇರುವುದಿಲ್ಲ. ಟೆಲ್ಮಿಸಾರ್ಟಾನ್, ಇನಾಲಪ್ರಿಲ್‌ನಂಥ ಬಿಪಿ ಮಾತ್ರೆಗಳೂ ಪೊಟ್ಯಾಶಿಯಂ ಏರಿಸುತ್ತವೆ. ಇಂಥವರು, ಗರ್ಭಿಣಿಯರು, ಮಕ್ಕಳು ಶೋರಾ ಮುಟ್ಟಲೇಬಾರದು.

ಉರಿಮೂತ್ರಕ್ಕೆ ನೀರು ಕಡಿಮೆ ಕುಡಿದದ್ದು, ಸೋಂಕು, ಕಲ್ಲು, ಹೀಗೆ ಹಲವು ಕಾರಣ. ಕಾರಣ ಹುಡುಕದೆ ಮೂತ್ರ ಹೆಚ್ಚಿಸಿದರೆ ರೋಗ ಒಳಗೇ ಉಳಿಯುತ್ತದೆ.

ನೆನಪಿಡಿ

• ಉರಿಮೂತ್ರವಾದರೆ ಮೊದಲು ನೀರು ಹೆಚ್ಚು ಕುಡಿಯಿರಿ. ಜ್ವರ, ಸೊಂಟನೋವು, ರಕ್ತ ಕಂಡರೆ ತಡಮಾಡದೆ ಪರೀಕ್ಷೆ ಮಾಡಿಸಿ.
• ಶೋರಾ, ನವಸಾಗರ, ಫಿಟ್ಕರಿ ಎಲ್ಲವೂ ಬಿಳಿ. ಬೇರೆ ಬೇರೆ ಡಬ್ಬಿಯಲ್ಲಿ ಹೆಸರು ಬರೆದು, ಅಡುಗೆಮನೆಯಿಂದ ದೂರ ಇಡಿ.
• ಹೊಲಕ್ಕೆ ತಂದ ಪೊಟ್ಯಾಶಿಯಂ ನೈಟ್ರೇಟ್ ಗೊಬ್ಬರ ಔಷಧಿಯಲ್ಲ. ಚೀಲ ಬಿಚ್ಚಿ ಮನೆಯ ಡಬ್ಬಿಗೆ ತುಂಬಬೇಡಿ.
• ದನದ ಕೊಟ್ಟಿಗೆ, ತಿಪ್ಪೆ, ಶೌಚಗುಂಡಿ ಬಾವಿಯಿಂದ ದೂರವಿರಲಿ. ವರ್ಷಕ್ಕೊಮ್ಮೆ ನೀರಿನ ನೈಟ್ರೇಟ್ ಪರೀಕ್ಷೆ ಮಾಡಿಸಿ.
• ಮಗುವಿನ ತುಟಿ ನೀಲಿಯಾದರೆ ಮನೆಮದ್ದು ಬೇಡ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಯಾವ ನೀರು ಕುಡಿಸಿದಿರಿ ಎಂಬುದನ್ನು ವೈದ್ಯರಿಗೆ ಹೇಳಿ.