ಕೆಸರು ಹೇಳುವ ಮಳೆಯ ಕಥೆ



"ಮೊದಲಿನ ಮಳೆ ಈಗಿಲ್ಲ" ಎಂದು ನಮ್ಮ ಮೊಸಳೆಯ ಗುಡಿ ಜಗಲಿಯ ಮೇಲೆ ಕುಳಿತ ಹಿರಿಯರು ಹೇಳುವುದುಂಟು. ನಾಗೇಶ್ವರ, ಚೆನ್ನಕೇಶವ ಗುಡಿಗಳನ್ನು ಕಟ್ಟಿ ಸುಮಾರು 800 ವರ್ಷಗಳಾದವು. ಅದಕ್ಕೂ ಹಿಂದೆ ಮಳೆ ಹೇಗಿತ್ತು? ಆ ಲೆಕ್ಕವನ್ನು ನೆಲವೇ ಬರೆದಿಟ್ಟಿದೆ. ಅದನ್ನು ಓದುವ ಬಗೆಯನ್ನು ತಿಳಿಯೋಣ.

ನೀಲಗಿರಿಯ ಜೌಗು ತಗ್ಗುಗಳಲ್ಲಿ ಸತ್ತ ಗಿಡ, ಹುಲ್ಲು ಪೂರ್ತಿ ಕೊಳೆಯದೆ ಪದರ ಪದರವಾಗಿ ನಿಲ್ಲುತ್ತವೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಗಾಳಿಯಲ್ಲಿರುವ ಇಂಗಾಲದಲ್ಲಿ ಹಗುರವಾದದ್ದೂ ಉಂಟು, ತುಸು ಭಾರವಾದದ್ದೂ ಉಂಟು. ರಾಗಿ, ಜೋಳ, ಕಬ್ಬು ಮತ್ತು ಬಿಸಿಲುನಾಡಿನ ಅನೇಕ ಹುಲ್ಲುಗಳಲ್ಲಿ ಭಾರದ ಪಾಲು ಹೆಚ್ಚು. ಮರಗಳಲ್ಲಿ, ಭತ್ತದಲ್ಲಿ ಕಡಿಮೆ. ಆದುದರಿಂದ ಪದರವನ್ನು ಪರೀಕ್ಷಿಸಿದರೆ ಆಗ ಅಲ್ಲಿ ಯಾವ ಬಗೆಯ ಸಸ್ಯ ಹೆಚ್ಚಿತ್ತೆಂದು ಗೊತ್ತಾಗುತ್ತದೆ. ಆರ್. ಸುಕುಮಾರ್, ಆರ್. ರಮೇಶ್ ಮೊದಲಾದ ವಿಜ್ಞಾನಿಗಳು ಹೀಗೆ ಪರೀಕ್ಷಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 20,000 ವರ್ಷಗಳ ಹಿಂದೆ ಅಲ್ಲಿ ಮುಂಗಾರು ಬಡವಾಗಿತ್ತು. ಸುಮಾರು 9,000 ವರ್ಷಗಳ ಹಿಂದೆ ಬಲವಾಗಿತ್ತು. ಆಮೇಲೆ ಮತ್ತೆ ಒಣಗಾಲ ಬಂದಿತು.

ಮಳೆ ತಾನಾಗಿಯೇ ಬದಲಾಗುವುದಾದರೆ ನಾವು ಮಾಡುವುದೇನು ಎಂದು ನೀವು ಕೇಳಬಹುದು. ಅಂದಿನ ಬದಲಾವಣೆಗೆ ಸಾವಿರಾರು ವರ್ಷ ಹಿಡಿಯಿತು. ಇಂದು ಕಲ್ಲಿದ್ದಲು, ಪೆಟ್ರೋಲುಗಳ ಹೊಗೆಯಿಂದ ಭೂಮಿ ಬಹು ಬೇಗ ಕಾಯುತ್ತಿದೆ. ಮಳೆ ತಪ್ಪಿದರೆ ಏನಾಗುವುದೆಂದು ನಮ್ಮ ಸೀಮೆಗೆ ಗೊತ್ತು. 1876–78ರ ಬರದ ನಂತರ, 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಮಳೆ ಸುರಿಸುವುದು ನಮ್ಮ ಕೈಯಲ್ಲಿಲ್ಲ. ಬಿದ್ದದ್ದನ್ನು ನಿಲ್ಲಿಸುವುದು ಇದೆ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆಯಾದರೆ ಅದು ಒಂದು ಲಕ್ಷ ಲೀಟರಿಗೂ ಮೇಲೆ. ಕಾಡಿನ ನೆಲ ತರಗೆಲೆ, ಬೇರುಗಳಿಂದ ಸಡಿಲವಾಗಿ ನೀರನ್ನು ಕುಡಿದು ಮೆಲ್ಲಗೆ ಬಿಡುತ್ತದೆ. ಮೂಡಿಗೆರೆ ಸೀಮೆಯ ಬೆಟ್ಟದಲ್ಲಿ ಹುಟ್ಟಿ ಸಕಲೇಶಪುರ, ಗೊರೂರು, ಹೊಳೆನರಸೀಪುರಗಳಿಗೆ ಬರುವ ಹೇಮಾವತಿಗೆ ಆ ಕಾಡೇ ಆಸರೆ. ನಮ್ಮ ಕೆರೆಗೆ ಅದರ ಮೇಲಿನ ದಿಣ್ಣೆಯ ಕುರುಚಲೇ ಕಾಡು.

ಕೆಲಸಕ್ಕೆ ಸೇರಿದ ಹೊಸದರಲ್ಲಿ, "ಬದುವಿನ ಹೊಂಗೆ ನೆರಳು ಮಾಡುತ್ತದೆ, ಕಡಿಯಿರಿ" ಎಂದು ನಾನೇ ಒಬ್ಬ ರೈತರಿಗೆ ಹೇಳಿದ್ದೆ. ಎರಡನೆಯ ಮಳೆಗಾಲದಲ್ಲಿ ಅವರ ಬದು ಕೊಚ್ಚಿತು. "ಸ್ವಾಮಿ, ನೆರಳು ಹೋಯಿತು, ಮಣ್ಣೂ ಹೋಯಿತು" ಎಂದರು. ನನ್ನ ಸಲಹೆ ತಪ್ಪಾಗಿತ್ತು. ಕೊಂಬೆ ಸವರಿಸಿದ್ದರೆ ಸಾಕಿತ್ತು. ಆ ಸೊಪ್ಪು ಗೊಬ್ಬರವೂ ಆಗುತ್ತಿತ್ತು.

ಈ ವರ್ಷ ಮಾಡಬೇಕಾದವು:

1. ಇಳಿಜಾರಿಗೆ ಅಡ್ಡಲಾಗಿ ಉಳಿರಿ, ಬದು ಭದ್ರಪಡಿಸಿರಿ.

2. ಕೆರೆಯ ಮೇಲಿನ ದಿಣ್ಣೆಗೆ ಬೆಂಕಿ ಹಾಕಬೇಡಿರಿ, ಕುರುಚಲು ಕಡಿಯಬೇಡಿರಿ.

3. ಊರವರು ಸೇರಿ ಬೇಸಗೆಯಲ್ಲಿ ಕೆರೆಗೋಡು ತೆಗೆದು ಹೊಲಕ್ಕೆ ಹಾಕಿರಿ.

4. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಯ ಹೆಸರು ಹಿಡಿದು, ಬಿದ್ದ ದಿನಗಳನ್ನು ಪುಸ್ತಕದಲ್ಲಿ ಬರೆದಿಡಿರಿ.

ಮುಂದಿನ ಜೋರು ಮಳೆಯಲ್ಲಿ ಒಂದು ಪರೀಕ್ಷೆ ಮಾಡಿರಿ. ಬೋಳು ಹೊಲದಿಂದ ಹರಿಯುವ ನೀರನ್ನು ಒಂದು ಗಾಜಿನ ಲೋಟದಲ್ಲಿ, ಕುರುಚಲು ದಿಣ್ಣೆಯಿಂದ ಬರುವ ನೀರನ್ನು ಇನ್ನೊಂದರಲ್ಲಿ ಹಿಡಿದು ರಾತ್ರಿ ಇಡಿರಿ. ಬೆಳಿಗ್ಗೆ ಎರಡರ ತಳವನ್ನೂ ಮಕ್ಕಳಿಗೆ ತೋರಿಸಿರಿ. ತಳದಲ್ಲಿ ಕುಳಿತದ್ದು ನಿಮ್ಮ ಹೊಲವೇ.