ಬಿಸಿ ಎಂಜಿನ್ನಿನ ಮುಚ್ಚಳ ತೆರೆಯಬೇಡಿ!

ಬೇಸಿಗೆಯಲ್ಲಿ ಚಾರ್ಮಾಡಿ, ಆಗುಂಬೆಯಂತಹ ಘಾಟಿಗಳಲ್ಲಿ ರಸ್ತೆ ಪಕ್ಕ ನಿಂತ ಕಾರನ್ನು ನೀವು ನೋಡಿರಬಹುದು. ಬಾನೆಟ್ ಸಂದಿಯಿಂದ ಬಿಳಿ ಹಬೆ ಏಳುತ್ತಿರುತ್ತದೆ. 'ಎಂಜಿನ್ ಹೀಟ್ ಆಗಿದೆ' ಎನ್ನುತ್ತಾರೆ ಚಾಲಕರು. ಹೀಗೇಕಾಗುತ್ತದೆ? ಆಗ ಏನು ಮಾಡಬೇಕು? ತಿಳಿಯೋಣ ಬನ್ನಿ.

ಶಾಖ ಎಲ್ಲಿಂದ ಬಂತು?

ಎಂಜಿನ್ನಿನೊಳಗೆ ಪೆಟ್ರೋಲ್ ಅಥವಾ ಡೀಸೆಲ್ ಉರಿಯುತ್ತದೆ. ಅದರಿಂದ ದೊರೆಯುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಕಾರನ್ನು ಓಡಿಸಲು ಒದಗುತ್ತದೆ. ಉಳಿದದ್ದು ಶಾಖವಾಗುತ್ತದೆ. ಸ್ವಲ್ಪ ಶಾಖ ಹೊಗೆಯ ಜೊತೆ ಹೊರಹೋಗುತ್ತದೆ. ಇನ್ನಷ್ಟನ್ನು ಎಂಜಿನ್ ಸುತ್ತ ಹರಿಯುವ ನೀರು ಹೀರಿಕೊಳ್ಳುತ್ತದೆ. ಈ ನೀರಿಗೆ ಕೂಲೆಂಟ್ ಎಂಬ ದ್ರವ ಬೆರೆಸಿರುತ್ತಾರೆ. ಪಂಪು ಈ ಬಿಸಿನೀರನ್ನು ಮುಂಭಾಗದ ರೇಡಿಯೇಟರಿಗೆ ಕಳಿಸುತ್ತದೆ. ಅಲ್ಲಿನ ಸಣ್ಣ ಕೊಳವೆಗಳಲ್ಲಿ ಗಾಳಿ ತಗುಲಿ ತಣಿದ ನೀರು ಮತ್ತೆ ಎಂಜಿನ್ನಿಗೆ ಮರಳುತ್ತದೆ.

ಘಾಟಿ ಹತ್ತುವಾಗ ಎಂಜಿನ್ನಿಗೆ ದುಡಿಮೆ ಹೆಚ್ಚು, ಕಾರಿನ ವೇಗ ಕಡಿಮೆ. ಆದ್ದರಿಂದ ಶಾಖ ಹೆಚ್ಚುತ್ತದೆ, ಬೀಸುವ ಗಾಳಿ ಸಾಲದು. ನೀರು ಸೋರಿದ್ದರೆ ಅಥವಾ ಫ್ಯಾನ್ ಕೆಟ್ಟಿದ್ದರೆ ಕೇಳುವುದೇ ಬೇಡ.

ಮುಚ್ಚಳದ ಗುಟ್ಟು

ಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಕುಕ್ಕರಿನಲ್ಲಿ ಒತ್ತಡ ಹೆಚ್ಚಿರುವುದರಿಂದ ಕುದಿಬಿಂದು ಸುಮಾರು 120 ಡಿಗ್ರಿಗೆ ಏರುತ್ತದೆ. ರೇಡಿಯೇಟರಿನ ಬಿಗಿ ಮುಚ್ಚಳದ ಕೆಲಸವೂ ಇದೇ. ಬಿಸಿಯಿದ್ದಾಗ ಅದನ್ನು ತೆರೆದರೆ ಒತ್ತಡ ಥಟ್ಟನೆ ಇಳಿಯುತ್ತದೆ. 100 ಡಿಗ್ರಿ ದಾಟಿದ ನೀರು ಒಮ್ಮೆಲೇ ಕುದಿದು ಹಬೆಯೊಡನೆ ಮೇಲಕ್ಕೆ ಚಿಮ್ಮುತ್ತದೆ. ಮುಖ, ಕೈ ಸುಡುತ್ತವೆ. ಕಣ್ಣಿಗೂ ಅಪಾಯ.

ಏನು ಮಾಡಬೇಕು?

1. ತಾಪ ತೋರಿಸುವ ಮುಳ್ಳು ಕೆಂಪು ಗುರುತಿನತ್ತ ಏರಿದರೆ ಅಥವಾ ಕೆಂಪು ದೀಪ ಹೊತ್ತಿದರೆ ಎ.ಸಿ. ನಿಲ್ಲಿಸಬೇಕು. ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸಬೇಕು.

2. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಬೇಕು. ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲಬೇಕು.

3. ಹಬೆ ಬರುತ್ತಿರುವಾಗ ಬಾನೆಟ್ ಎತ್ತಬಾರದು. ಕನಿಷ್ಠ ಅರ್ಧ ಗಂಟೆ ಕಾಯಬೇಕು. ಎಂಜಿನ್ ಆರಿದ್ದರೂ ಫ್ಯಾನ್ ತಾನಾಗಿಯೇ ತಿರುಗಬಹುದು, ಕೈ ಹಾಕಬಾರದು.

4. ಪೂರ್ತಿ ತಣಿದ ಮೇಲೆಯೇ ದೊಡ್ಡವರು ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ನೀರು ತುಂಬಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು.

5. ನೀರು ಸೋರುತ್ತಿದ್ದರೆ ಕಾರು ಓಡಿಸದೆ ಮೆಕ್ಯಾನಿಕ್‌ಗೆ ತಿಳಿಸಬೇಕು.

ಅವಸರದಲ್ಲಿ ಯಾರಾದರೂ ಮುಚ್ಚಳಕ್ಕೆ ಕೈ ಹಾಕಿದರೆ 'ಸ್ವಲ್ಪ ತಾಳಿ' ಎಂದು ನೀವೇ ಎಚ್ಚರಿಸಿ. ಕಾರಣವನ್ನೂ ಹೇಳಿ!

ಮಾಡಿ ನೋಡಿ (ಶಿಕ್ಷಕರ ಸಹಾಯದಿಂದ)

ಸೂಜಿಯಿಲ್ಲದ ಹೊಸ ಸಿರಿಂಜಿನ ಕಾಲುಭಾಗಕ್ಕೆ ಸುಮಾರು 60 ಡಿಗ್ರಿ ಬಿಸಿಯ ನೀರು ಎಳೆದುಕೊಳ್ಳಿ. ಒಳಗಿನ ಗಾಳಿ ಹೊರಹಾಕಿ, ತುದಿಯನ್ನು ರಬ್ಬರ್ ತುಂಡಿನಿಂದ ಒತ್ತಿ ಮುಚ್ಚಿ. ಈಗ ಹಿಡಿಯನ್ನು ಜೋರಾಗಿ ಹಿಂದಕ್ಕೆಳೆಯಿರಿ. ನೀರಿನಲ್ಲಿ ಗುಳ್ಳೆಗಳು ಏಳುತ್ತವೆ! ಒಲೆಯಿಲ್ಲದೆ ನೀರು ಏಕೆ ಕುದಿಯಿತು? ಮುಚ್ಚಳ ತೆರೆದ ರೇಡಿಯೇಟರಿಗೂ ಇದಕ್ಕೂ ಏನು ಸಂಬಂಧ? ಯೋಚಿಸಿ ಬರೆಯಿರಿ.