ಹದಿನೆಂಟು ತುಂಬಿತೆಂದು ಕೈ ಬಿಡಬೇಡಿ

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲೋ ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲೋ ನೀವು ಈ ಮಕ್ಕಳನ್ನು ಕಂಡಿರುತ್ತೀರಿ. ಹದಿನಾಲ್ಕು ಹದಿನೈದರ ಹುಡುಗ, ಬೆನ್ನಿಗೆ ಶಾಲೆಯ ಚೀಲ, ಅದರಲ್ಲಿ ಪುಸ್ತಕದ ಬದಲು ಒಂದು ಜೊತೆ ಬಟ್ಟೆ. ಯಾವ ರೈಲು ಬಂದರೂ ಹತ್ತುವುದಿಲ್ಲ. ಪೊಲೀಸರು ಕಂಡರೆ ಮಾತ್ರ ಎದ್ದು ಜಾಗ ಬದಲಿಸುತ್ತಾನೆ. ನೀವು ಒಂದು ಬಿಸ್ಕತ್ ಪೊಟ್ಟಣ ಕೊಟ್ಟು, ‘ಪಾಪ’ ಅಂದು, ನಿಮ್ಮ ರೈಲು ಹತ್ತುತ್ತೀರಿ. ನಿಮ್ಮ ಮನಸ್ಸು ಒಳ್ಳೆಯದೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ನೀವು ಹೋದ ಮೇಲೆ ಅವನ ಪಕ್ಕ ಬಂದು ಕೂರುವವನು ‘ಹೋಟೆಲಲ್ಲಿ ಕೆಲಸ ಕೊಡಿಸ್ತೀನಿ, ಬಾ’ ಅನ್ನುವ ಮನುಷ್ಯ. ಅವನು ಬರುವ ಮುಂಚೆ ನೀವು ಸ್ವಲ್ಪ ಹೊತ್ತು ನಿಲ್ಲಬೇಕು.

ನಿಂತರೆ ಮೊದಲು ‘ಊಟ ಆಯ್ತೇನಪ್ಪ?’ ಅಂತ ಕೇಳಿ. ‘ಯಾಕೋ ಮನೆ ಬಿಟ್ಟು ಬಂದೆ, ಹೆತ್ತವರು ಎಷ್ಟು ಅಳ್ತಿರಬೇಕು’ ಎಂದು ಶುರು ಮಾಡಬೇಡಿ. ಅವನು ದಿನಾ ಕುಡಿದು ಬಂದು ಬೆಲ್ಟಿನಲ್ಲಿ ಬಾರಿಸುವ ಅಪ್ಪನಿಂದ ತಪ್ಪಿಸಿಕೊಂಡು ಬಂದಿರಬಹುದು. ಎಸ್ಸೆಸ್ಸೆಲ್ಸಿ ಫೇಲಾಗಿ ಮುಖ ತೋರಿಸಲಾರದೆ ಬಂದಿರಬಹುದು. ಹುಡುಗಿಯಾದರೆ, ಓದುವ ವಯಸ್ಸಿನಲ್ಲಿ ಮದುವೆ ಗೊತ್ತು ಮಾಡಿದ್ದಕ್ಕೆ ಹೊರಟಿರಬಹುದು. ನಡೆನುಡಿ ಹೆಣ್ಣಿನ ಹಾಗಿದೆ ಎಂದು ಮನೆಯವರೇ ಹೊರಗೆ ಹಾಕಿದ ಮಕ್ಕಳೂ ಇದ್ದಾರೆ. ಮರದಿಂದ ಬಿದ್ದವನಿಗೆ ದೊಣ್ಣೆಯಿಂದ ಹೊಡೆದ ಹಾಗೆ ಆಗಬಾರದು ನಿಮ್ಮ ಬುದ್ಧಿಮಾತು.

ಆಮೇಲೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತದೆ, ಕರೆಗೆ ದುಡ್ಡಿಲ್ಲ. ಆ ನಂಬರು ಮರೆತರೆ 112 ಇದೆ. ನಿಲ್ದಾಣದಲ್ಲೇ ಇದ್ದರೆ ರೈಲ್ವೆ ರಕ್ಷಣಾ ಪಡೆಯವರಿಗೆ ಹೇಳಿ. ‘ನಮಗ್ಯಾಕೆ ಊರ ಉಸಾಬರಿ’ ಎಂದು ಜಾರಿಕೊಳ್ಳಬೇಡಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ದಿಕ್ಕಿಲ್ಲದೆ ಸಿಕ್ಕ ಮಗುವಿನ ವಿಷಯವನ್ನು 24 ಗಂಟೆಯೊಳಗೆ ತಿಳಿಸುವುದು ಕಂಡವರ ಹೊಣೆ. ಮಗುವನ್ನು ಮನೆಗೆ ಕಳಿಸಬೇಕೋ ಬೇಡವೋ ಎಂದು ವಿಚಾರಿಸಿ ತೀರ್ಮಾನಿಸುವುದು ಮಕ್ಕಳ ಕಲ್ಯಾಣ ಸಮಿತಿ. ಅದು ನಿಮ್ಮ ಕೆಲಸವಲ್ಲ.

ಆತುರಗಾರನಿಗೆ ಬುದ್ಧಿ ಮಟ್ಟ. ಕರುಣೆ ಉಕ್ಕಿತೆಂದು ಮಗುವನ್ನು ನೇರ ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಳ್ಳಬೇಡಿ. ‘ಇರ್ಲಿ, ಸಣ್ಣಪುಟ್ಟ ಕೆಲಸ ಮಾಡ್ಕೊಂಡು’ ಅನ್ನುವ ಮಾತಂತೂ ಬೇಡವೇ ಬೇಡ. ಇನ್ನು ಆ ಫೋಟೊ ಚಟ! ಮಗುವಿನ ಮುಖ ತೆಗೆದು ‘ಮನೆ ಸೇರುವವರೆಗೂ ಶೇರ್ ಮಾಡಿ’ ಎಂದು ಹತ್ತು ವಾಟ್ಸಾಪ್ ಗುಂಪುಗಳಿಗೆ ಹಾಕುತ್ತೀರಲ್ಲ, ಇಂಥ ಮಗುವಿನ ಗುರುತು ಬಯಲು ಮಾಡಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಕಾನೂನು ಹಾಗಿರಲಿ, ಬೆಲ್ಟು ಹಿಡಿದ ಆ ಅಪ್ಪನಿಗೆ ಮಗ ಎಲ್ಲಿದ್ದಾನೆಂದು ತೋರಿಸಿಕೊಟ್ಟವರು ನೀವೇ ಆಗುತ್ತೀರಿ.

ಇದು ಚಿಕ್ಕವರ ಮಾತಾಯಿತು. ನನಗೆ ಹೆಚ್ಚು ಸಂಕಟವಾಗುವುದು ಬಾಲಮಂದಿರದಲ್ಲಿ ಬೆಳೆದು 18 ತುಂಬಿ ಹೊರಗೆ ಬರುವವರನ್ನು ನೆನೆದಾಗ. ನಿಮ್ಮ ಮಗನಿಗೆ 18 ತುಂಬಿದಾಗ ಏನು ಮಾಡಿದಿರಿ? ಗಾಡಿಯ ಲೈಸೆನ್ಸ್ ಮಾಡಿಸಿದಿರಿ, ಕಾಲೇಜಿನ ಫೀಸು ಕಟ್ಟಿದಿರಿ. ಇವತ್ತಿಗೂ ಅವನ ಬಟ್ಟೆ ಮಡಿಸಿಡುವವರು ನೀವೇ. ಅದೇ ವಯಸ್ಸಿನ ಆ ಹುಡುಗ ಒಂದು ಟ್ರಂಕು ಹಿಡಿದು ರೂಮು ಹುಡುಕಬೇಕು. ಓನರ್ ಕೇಳುವ ಮೊದಲ ಮಾತೇ ‘ಅಪ್ಪ ಅಮ್ಮನ್ನ ಕರ್ಕೊಂಡು ಬಾ’. ಬ್ಯಾಂಕಿಗೆ ಹೋದರೆ ಅರ್ಜಿಯಲ್ಲಿ ಖಾಯಂ ವಿಳಾಸ ಎಂಬ ಕಡೆ ಪೆನ್ನು ನಿಲ್ಲುತ್ತದೆ.

ಸರಕಾರ ಏನೂ ಮಾಡಿಲ್ಲವೆಂದಲ್ಲ. ಹೀಗೆ ಹೊರಬಂದವರಿಗೆ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ, ಅನುಪಾಲನೆ (ಹೊರಬಂದ ಮೇಲಿನ ಆಸರೆ) ಕೊಡಬಹುದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ನೆರವು ಇಟ್ಟಿದ್ದಾರೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಅರ್ಜಿ, ಆಧಾರ್, ಟಿಸಿ, ಪಾಸ್‌ಬುಕ್ ಎಂದು ಕಚೇರಿ ಸುತ್ತುವಷ್ಟರಲ್ಲಿ ಹುಡುಗರು ಸೋತು ‘ಬೇಡ ಬಿಡಿ’ ಅಂದುಬಿಡುತ್ತಾರೆ. ನೀವು ನಿವೃತ್ತ ನೌಕರರೇ? ಯಾವ ಟೇಬಲ್ಲಿನಲ್ಲಿ ಯಾವ ಫೈಲು ಕೂರುತ್ತದೆಂದು ನಿಮಗೆ ಗೊತ್ತು. ಆ ಹುಡುಗನ ಜೊತೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಂದು ಸಲ ಹೋಗಿ ಬನ್ನಿ. ನೀವು ಕೊಡುವ ಹಣಕ್ಕಿಂತ ಅದು ಹೆಚ್ಚು.

ಬಾಡಿಗೆ ಮನೆ ಇದ್ದವರಿಗೂ ಒಂದು ಮಾತು. ‘ಹಿಂದೆ ಮುಂದೆ ಯಾರೂ ಇಲ್ಲದವನು’ ಎಂದು ಬಾಗಿಲು ಹಾಕಬೇಡಿ. ಆರೆಂಟು ಜನ ಸೇರಿ ಒಂದು ಮನೆ ಮಾಡಿಕೊಂಡಿರುವ ಏರ್ಪಾಡನ್ನು ಬಾಲನ್ಯಾಯದ ನಿಯಮಗಳೇ ಹೇಳುತ್ತವೆ. ಬಾಲಮಂದಿರದವರ ಪತ್ರ ಕೇಳಿ, ಕರಾರು ಬರೆಸಿಕೊಳ್ಳಿ, ಅದು ನಿಮ್ಮ ಹಕ್ಕು. ಅಡ್ವಾನ್ಸನ್ನು ಮಾತ್ರ ಕಂತಿನಲ್ಲಿ ತೆಗೆದುಕೊಳ್ಳಿ. ಹುಡುಗಿಯರು ಇರಲು ಜಾಗವಿಲ್ಲದೆ ಸಿಕ್ಕಿದರೆ 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ. ರಾತ್ರಿ ಹೊತ್ತಿನಲ್ಲಿ ‘ನಾಳೆ ನೋಡೋಣ’ ಅನ್ನಬೇಡಿ.

ಅಂಗಡಿ, ಗ್ಯಾರೇಜು, ಹೋಟೆಲು ನಡೆಸುವವರು ಕೆಲಸ ಕೊಟ್ಟರೆ ಸಂಬಳ ಬ್ಯಾಂಕಿಗೆ ಹಾಕಿ, ಮಾರ್ಕ್ಸ್ ಕಾರ್ಡ್ ಒತ್ತೆ ಇಟ್ಟುಕೊಳ್ಳಬೇಡಿ. ಕಸುಬು ಕಲಿಯಬೇಕೆಂಬ ಆಸೆ ಇದ್ದವರಿಗೆ ರುಡ್‌ಸೆಟ್ ಸಂಸ್ಥೆಯ ದಾರಿ ತೋರಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಮೊದಲ ಸಂಬಳದಲ್ಲಿ ಹುಡುಗ ದೊಡ್ಡ ಫೋನ್ ಕೊಂಡ ಎಂದು ಬೇಸರಿಸಬೇಡಿ. ಕೈಯಲ್ಲಿ ಕಾಸು ಹಿಡಿದು ಅಭ್ಯಾಸವಿಲ್ಲದ ಮಗು. ಎರಡನೇ ಸಂಬಳ ಬಂದಾಗ ಜೊತೆಗೆ ಕೂತು ಬಾಡಿಗೆಗಿಷ್ಟು, ಊಟಕ್ಕಿಷ್ಟು ಎಂದು ಬರೆಸಿ.

ಹುಟ್ಟುಹಬ್ಬಕ್ಕೆ ಬಾಲಮಂದಿರಕ್ಕೆ ಕೇಕು ಒಯ್ದು, ಮಕ್ಕಳ ನಡುವೆ ನಿಂತು ಫೋಟೊ ಹಿಡಿಸಿಕೊಂಡು ಬರುವವರೇ, ಆ ಮಕ್ಕಳು ನಿಮ್ಮ ಹೆಸರು ಕೇಳುವಷ್ಟರಲ್ಲಿ ನೀವು ಹೊರಟಿರುತ್ತೀರಿ. ಬೀದಿ ಮಕ್ಕಳಿಗಾಗಿ ದುಡಿಯುವ ಬೆಂಗಳೂರಿನ ಬಾಸ್ಕೊ ಸಂಸ್ಥೆ 1980ರಲ್ಲಿ ಶುರುವಾದದ್ದು ಕಟ್ಟಡದಿಂದಲ್ಲ. ಕೆಲವು ವಿದ್ಯಾರ್ಥಿಗಳು ಬೀದಿಗೇ ಹೋಗಿ ಹುಡುಗರ ಸ್ನೇಹ ಬೆಳೆಸಿದರು. ನಿಮ್ಮಿಂದಲೂ ಬೇಕಾದದ್ದು ಅದೇ. ವಾರಕ್ಕೊಂದು ದಿನ ಲೆಕ್ಕವನ್ನೋ ಇಂಗ್ಲಿಷನ್ನೋ ಹೇಳಿಕೊಡಿ. ಅನುಮತಿ, ಪೊಲೀಸ್ ಪರಿಶೀಲನೆ ಕೇಳಿದರೆ ಮುನಿಸಿಕೊಳ್ಳಬೇಡಿ, ಮಕ್ಕಳ ರಕ್ಷಣೆಗಾಗಿಯೇ ಕೇಳುವುದು. ಹೊರಬಂದ ಹುಡುಗ ಜ್ವರ ಎಂದು ಮಲಗಿದಾಗ ಗಂಜಿ ಕಳಿಸಿ. ಯುಗಾದಿಗೆ ಊಟಕ್ಕೆ ಕರೆಯಿರಿ, ಹಿಂದಿನ ದಿನವೇ ಫೋನ್ ಮಾಡಿ ಕರೆಯಿರಿ.

ಕೈ ಹಾಕುವ ಮೊದಲು ಮನೆಯವರ ಜೊತೆ ಕೂತು ಮಾತಾಡಿ. ವರ್ಷ ಪೂರ್ತಿ ಬಿಡದೆ ನಡೆಸಲು ಆಗುತ್ತದೆ ಅನ್ನಿಸಿದರೆ ಮಾತ್ರ ಮುಂದಾಗಿ, ಏಕೆಂದರೆ ಒಮ್ಮೆ ಬಿಟ್ಟುಹೋದವರನ್ನು ಕಂಡ ಮಕ್ಕಳು ಇವರು. ಆಗದಿದ್ದರೆ ಬೇಸರವಿಲ್ಲ, ಹೊಸ ರೂಮು ಮಾಡಿದವರಿಗೆ ಕುಕ್ಕರ್, ಚಾಪೆ, ಹೊದಿಕೆ ಕೊಡಿ. ಹರಿದದ್ದು ಬೇಡ. ಹಳೆಯದಾದರೆ ಒಗೆದು, ಒಣಗಿಸಿ, ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಹಾಕಿಸಿ ಕೊಡಿ.